ನೆತ್ತಿಯ ಮೇಲಿನ ಫ್ಯಾನು

ಹತ್ತು ಜನ ನಗುತ್ತಾ ನಿಂತಿದ್ದರೂ ನನ್ನ ಕಣ್ಣು ಹೋಗುವುದು ಹುಬ್ಬು ಗಂಟಿಕ್ಕಿದ ಹನ್ನೊಂದನೆಯವನ ಮೇಲೆಯೇ. ಮದುವೆಗೆ ಹೋದರೆ ಮಂಟಪಕ್ಕಿಂತ ಮೊದಲು ಅದರ ಹಿಂದೆ ಜೋತಾಡುವ ವೈರು ಕಾಣುತ್ತದೆ. ಅಂಜುಬುರುಕರ ಮಿದುಳಿಗೆ ಇದೇ ಉದ್ಯೋಗವಂತೆ: ಚೆಂದದ್ದನ್ನೆಲ್ಲ ಬದಿಗೆ ಸರಿಸಿ, ಕೇಡು ಎಲ್ಲಿದೆ ಎಂದು ಬೆರಳು ಮಾಡಿ ತೋರಿಸುವುದು. ನಾಚಿಕೆಪಡುವ ವಿಷಯ ಎನ್ನುತ್ತೀರೇನೋ. ನಾನಂತೂ ಎದೆಯುಬ್ಬಿಸಿಯೇ ಹೇಳುತ್ತೇನೆ. ಹೈದರಾಬಾದಿಗೆ ಸಾಫ್ಟ್‌ವೇರ್ ಸುಗ್ಗಿ ಬಂದಾಗ ಮಾದಾಪುರದ ಕಂಪನಿಯೊಂದು ನನ್ನನ್ನು ಟೆಸ್ಟರ್ ಮಾಡಿಕೊಂಡಿತು. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸ. ಅಂಜಿದವರ ಮೇಲೆ ಕಪ್ಪೆ ಎಸೆಯುತ್ತಾರಂತೆ. ನನಗೋ ಆ ಕಪ್ಪೆ ಹಿಡಿದದ್ದಕ್ಕೇ ಸಂಬಳ ಸಿಕ್ಕಿತು. ಆದರೆ ಮನೆಯಲ್ಲೂ ಗ್ಯಾಸ್ ಆರಿದೆಯೇ, ಚಿಲಕ ಬಿದ್ದಿದೆಯೇ ಎಂದು ಎದ್ದೆದ್ದು ನೋಡುವ ನನಗೆ ಹೆಂಡತಿ ಸುವರ್ಣಾ, "ನಿಮ್ಮ ಆಫೀಸ್ ಮನಿತನಕ ತರಬ್ಯಾಡ್ರಿ" ಎನ್ನುತ್ತಿದ್ದಳು.

ಒಂದು ಬೇಸಗೆಯಲ್ಲಿ ಕಾಚಿಗೂಡದ ಕನ್ನಡ ಸಂಘದವರ ಕಾರ್ಯಕ್ರಮದಲ್ಲಿ ಮಗಳು ಅಕ್ಷತಾ ಮೊದಲ ಸಲ ವಚನ ಹಾಡುವುದಿತ್ತು. ಶಾಲೆಯಲ್ಲಿ ತೆಲುಗು, ಓಣಿಯಲ್ಲಿ ಹಿಂದಿ ಆಡುವ ಹುಡುಗಿ, ತಿಂಗಳುಗಟ್ಟಲೆ ಕನ್ನಡ ತಿದ್ದಿಕೊಂಡು ತಯಾರಾಗಿದ್ದಳು. ಹೆಮ್ಮೆಯಿಂದ ಮುಂದಿನ ಸಾಲಿನಲ್ಲೇ ಕುಳಿತೆ. ಅವಳು ಬಾಯಿ ತೆರೆದಳು, ನನ್ನ ಕಣ್ಣು ಮೇಲೆ ಹೋಯಿತು. ಅವಳ ನೆತ್ತಿಯ ಮೇಲೆ ಹಳೆಯ ಫ್ಯಾನೊಂದು ಓಲಾಡುತ್ತಾ ತಿರುಗುತ್ತಿತ್ತು. ಇನ್ನೆಲ್ಲಿಯ ಹಾಡು, ಎಲ್ಲಿಯ ರಾಗ! ಬಿದ್ದರೆ ಹಾರಿ ಮಗಳನ್ನು ಎಳೆದುಕೊಳ್ಳಬೇಕೆಂದು ಚಪ್ಪಲಿ ಕಳಚಿ ಕುರ್ಚಿಯ ತುದಿಗೆ ಬಂದು ಕುಳಿತೆ. ಹಾಡು ಮುಗಿದದ್ದು ಚಪ್ಪಾಳೆಯಿಂದಲೇ ನನಗೆ ಗೊತ್ತಾದದ್ದು.

ಓಡಿಬಂದ ಮಗಳು, "ಪಪ್ಪಾ, ಹೆಂಗ ಹಾಡಿದೆ?" ಎಂದಳು.

"ಏನೂ ಆಗಲಿಲ್ಲ ಬಿಡವ್ವಾ" ಎಂದುಬಿಟ್ಟೆ.

ಅವಳ ಮುಖ ಬಾಡಿತು. "ಮಂದಿ ಕಣ್ಣಾಗ ನೀರ್ ತಂದ್ಕೊಂಡ್ರು, ಹಡದಪ್ಪ ಕೇಳಲಿಲ್ಲ! ಮ್ಯಾಲೆ ಏನ್ ನೋಡಾಕತ್ತಿದ್ರಿ?" ಎಂದಳು ಸುವರ್ಣಾ. ಫ್ಯಾನಿನ ಕಥೆ ಹೇಳಿದೆ. ಆಟೋ ಹತ್ತಿ ಮನೆಗೆ ಹೊರಟೆವು. ಮಗಳ ಮೊದಲ ಹಾಡು ನನ್ನ ಪಾಲಿಗೆ ತಪ್ಪಿಹೋಯಿತಲ್ಲ ಎಂದು ಸಂಕಟವಾಯಿತು.

ಮನೆಗೆ ಬಂದವನೇ, "ಇನ್ನೊಮ್ಮೆ ಹಾಡವ್ವಾ" ಎಂದು ಅಂಗಲಾಚಿದೆ. ಅಕ್ಷತಾ ನನ್ನನ್ನೊಮ್ಮೆ, ಮೇಲೆ ತಿರುಗುವ ಫ್ಯಾನನ್ನೊಮ್ಮೆ ನೋಡಿದಳು. ಎದ್ದು ಫ್ಯಾನ್ ಆರಿಸಿದಳು. ಅಡುಗೆಮನೆಗೆ ಹೋಗಿ ಗ್ಯಾಸ್ ಬಂದ್ ಮಾಡಿದಳು. ಬಾಗಿಲ ಚಿಲಕ ಹಾಕಿ ನನ್ನೆದುರೇ ಜಗ್ಗಿ ತೋರಿಸಿ, "ಗಟ್ಟಿ ಐತಿ. ಇನ್ನ ಅಂಜಬ್ಯಾಡ, ಕೇಳು" ಎಂದಳು.

ಆ ಸೆಕೆಯಲ್ಲಿ ಬೆವರು ಸುರಿಸುತ್ತಾ ಇಡೀ ವಚನ ಕೇಳಿದೆ. ಎಂಥ ದನಿ! ತಪ್ಪನ್ನು ಇಷ್ಟು ಬೇಗ ಹಿಡಿದು ಸರಿಪಡಿಸುವವರು ನಮ್ಮ ಕಂಪನಿಯಲ್ಲೂ ಇಲ್ಲ, ಎಷ್ಟಾದರೂ ನನ್ನ ಮಗಳು ಎಂದು ಬೀಗಿದೆ. ಬೀಗುತ್ತಿರುವಾಗಲೇ ಹೊಳೆಯಿತು, ಅವಳು ಹಿಡಿದ ತಪ್ಪು ನಾನೇ ಎಂದು.