ಅಕ್ಕನ ಜೀಪಿಗೊಂದು ಗಟ್ಟಿ ಆ್ಯಕ್ಸಲ್

ಕೆಲವರು ಸ್ಟೀರಿಂಗ್ ಹಿಡಿಯಲೆಂದೇ ಹುಟ್ಟಿರುತ್ತಾರೆ, ಕೆಲವರು ಪಕ್ಕದ ಸೀಟಿನಲ್ಲಿ ಕೂರಲೆಂದು. ಅರವತ್ತು ವರ್ಷ ನಾನು ಎರಡನೆಯವರ ಪೈಕಿಯಲ್ಲೇ ಸುಖವಾಗಿದ್ದೆ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಜೀಪನ್ನು ಯಾವ ಕೋನದಿಂದ ಬೇಕಾದರೂ ಬರೆದು ತೋರಿಸಬಲ್ಲೆ, ಓಡಿಸು ಎಂದರೆ ಮಾತ್ರ ಕೈಕಾಲು ನನ್ನ ಮಾತು ಕೇಳುವುದಿಲ್ಲ. ಗೋಣಿಬೀಡಿನ ಹತ್ತಿರದ ನಮ್ಮ ಸಣ್ಣ ತೋಟವನ್ನೂ ಮನೆಯ ಹಳೆಯ ಜೀಪನ್ನೂ ನಡೆಸುತ್ತಿದ್ದವಳು ಗಿರಿಜಕ್ಕ, ನನಗಿಂತ ಆರು ವರ್ಷ ದೊಡ್ಡವಳು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಬಂದ ಗಂಡುಗಳಲ್ಲಿ ಒಬ್ರಿಗೂ ನೆಟ್ಟಗೆ ರಿವರ್ಸ್ ತೆಗಿಯಕ್ಕೆ ಬರ್ತಿರ್ಲಿಲ್ಲ" ಎನ್ನುತ್ತಿದ್ದಳು.

ಕಳಸದಲ್ಲಿರುವ ಗೆಳತಿಯ ಮನೆಗೆ ಹೋಗುವಾಗ ಏರಿನಲ್ಲಿ ಜೀಪು ಏದುಸಿರು ಬಿಡುತ್ತದೆ ಎಂದು, ಕಳೆದ ಮಳೆಗಾಲ ಮುಗಿದ ಮೇಲೆ ಅಕ್ಕ ಅದಕ್ಕೊಂದು ದೊಡ್ಡ ಡೀಸೆಲ್ ಎಂಜಿನ್ ಕೂರಿಸಿದಳು. ಆಲ್ದೂರಿನ ಮೆಕ್ಯಾನಿಕ್ ಮಂಜಣ್ಣ ಅದನ್ನು ಸ್ಟಾರ್ಟ್ ಮಾಡಿದಾಗ ಮರದ ಮೇಲಿನ ಮಂಗಗಳೆಲ್ಲ ಪಕ್ಕದ ತೋಟಕ್ಕೆ ವಲಸೆ ಹೋದವು. ಮರುದಿನ ಅಕ್ಕ ಕೀಲಿಯನ್ನು ನನ್ನ ಕೈಗಿಟ್ಟು, "ಕಣದ ಏರಿಗೆ ನೀನೇ ಹತ್ಸು ಸೋಮು, ನಾನು ಶಬ್ದ ಕೇಳ್ತೀನಿ" ಎಂದಳು. ಹತ್ತಿಸಿದೆ. ಅರ್ಧ ಏರಿನಲ್ಲಿ ಹಿಂದೆ 'ಟಣ್' ಎಂದಿತು. ಎಂಜಿನ್ ಗರ್ಜಿಸುತ್ತಲೇ ಇತ್ತು, ಜೀಪು ಮಾತ್ರ ಹಿಂದಕ್ಕೆ ಜಾರಿ ಕಾಫಿಗಿಡಗಳ ಮೇಲೆ ಕುಳಿತಿತು.

"ಈ ಎಂಜಿನ್ನಿನ ಎಳೆತಕ್ಕೆ ಹಿಂದಿನ ಚಕ್ರ ತಿರುಗ್ಸೋ ಹಳೇ ಆ್ಯಕ್ಸಲ್ ತಡ್ಕೊಳಲ್ಲ ಅಮ್ಮಾ, ಮುರ್ದು ಹೋಗಿದೆ. ಇನ್ನೂ ಗಟ್ಟಿ ಇರೋದೇ ಬೇಕು," ಎಂದ ಮಂಜಣ್ಣ. ಆರಿಸುವ ಕೆಲಸವನ್ನು ಅಕ್ಕ ನನಗೆ ವಹಿಸಿದಳು.

ಅದೇ ವಾರ ಅವಳನ್ನು ಚಿಕ್ಕಮಗಳೂರಿಗೆ ಕಣ್ಣು ತೋರಿಸಲು ಕರೆದುಕೊಂಡು ಹೋಗಿದ್ದೆ. ಡಾಕ್ಟರು ನನ್ನನ್ನು ಬೇರೆಯಾಗಿ ಕರೆದು, ಕಣ್ಣಿನ ನರವೇ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ, ಇನ್ನು ಗಾಡಿ ಓಡಿಸಲು ಬಿಡಬೇಡಿ ಎಂದರು. ನಾನು ಹೊರಗೆ ಬಂದು, "ಡ್ರಾಪ್ಸ್ ಬರೆದಿದಾರೆ, ಅಷ್ಟೇ" ಎಂದೆ. ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಅವಳಿಗೆ ಎಷ್ಟು ಕಾಣುತ್ತಿದೆಯೋ ಎಂದು ಲೆಕ್ಕ ಹಾಕುತ್ತ ನಾನು ಇಳಿಯುವ ಸ್ಟಾಪನ್ನೇ ಮರೆತೆ.

ಜೀಪು ರಿಪೇರಿಯಾಗದಿದ್ದರೆ ಅಕ್ಕ ಓಡಿಸುವ ಪ್ರಶ್ನೆಯೇ ಇಲ್ಲ. ಹಾಗಾಗಿ ಮಂಜಣ್ಣ ತೋರಿಸಿದ ಆ್ಯಕ್ಸಲ್‌ಗಳಿಗೆಲ್ಲ ತಪ್ಪು ಹುಡುಕುವುದೇ ನನ್ನ ಉದ್ಯೋಗವಾಯಿತು. ಪಿಕಪ್ಪಿನದು ಅಗಲ, ಚಕ್ರ ಹೊರಗೆ ಚಾಚುತ್ತದೆ ಎಂದೆ. ಇನ್ನೊಂದು ಹಿಂದೆಂದೋ ನೀರಿನಲ್ಲಿ ಮುಳುಗಿದ್ದ ಗಾಡಿಯದು ಎಂದೆ. ಮೂರನೆಯದರ ಒಳಗಿನ ಗೇರಿನ ಹಲ್ಲಿನ ಲೆಕ್ಕ ಮುಂದಿನ ಆ್ಯಕ್ಸಲ್ಲಿಗೆ ಹೊಂದುವುದಿಲ್ಲ, ನಾಲ್ಕೂ ಚಕ್ರ ಒಟ್ಟಿಗೆ ಎಳೆದರೆ ಗೇರ್ ಹೋಗುತ್ತದೆ ಎಂದೆ. ಅದು ನಿಜವೇ ಆಗಿತ್ತಂತೆ! "ಮೇಷ್ಟ್ರೇ, ನೀವು ಎಂತಕ್ಕೆ ಚಿತ್ರ ಬಿಡಿಸ್ತಾ ಕೂತಿದ್ರಿ ಮಾರಾಯ್ರೆ?" ಎಂದು ಮಂಜಣ್ಣ ಬೆರಗಾದ. ತಪ್ಪಿಸಿಕೊಳ್ಳುವ ಆಸೆ ಕಲಿಸಿದಷ್ಟು ವಿದ್ಯೆಯನ್ನು ನನಗೆ ಯಾವ ಗುರುವೂ ಕಲಿಸಿರಲಿಲ್ಲ.

ನಾಲ್ಕನೆಯದಕ್ಕೆ ತಪ್ಪು ಸಿಗಲಿಲ್ಲ. ಅಗಲ ಸರಿ, ಹಲ್ಲು ಸರಿ, ಶಾಫ್ಟ್ ನನ್ನ ಮಣಿಕಟ್ಟಿಗಿಂತ ದಪ್ಪ. ಮನೆಗೆ ಬಂದು, "ಬಣ್ಣ ಸರಿಯಿಲ್ಲ" ಎಂದುಬಿಟ್ಟೆ.

ಮೆಣಸು ಹಸನು ಮಾಡುತ್ತಿದ್ದ ಅಕ್ಕ ಕೈ ನಿಲ್ಲಿಸಿದಳು. ಅವಳು ಕಾಳಿನಿಂದ ಕಡ್ಡಿಯನ್ನು ಬೆರಳಿನಲ್ಲಿ ಸವರಿ ಬೇರ್ಪಡಿಸುತ್ತಿದ್ದುದನ್ನು ಆಗ ಗಮನಿಸಿದೆ.

"ಡಾಕ್ಟ್ರು ನಂಗೆ ಎಂಜಿನ್ ಹಾಕ್ಸೋಕ್ಕೆ ಮುಂಚೆನೇ ಹೇಳಿದ್ರು ಕಣೋ, ಒಬ್ಳೇ ಹೋದಾಗ. ಅವನಿಗೆ ನೀವೇ ಹೇಳಿ ಅಂತ ಅವ್ರಿಗೆ ಅಂದಿದ್ದು ನಾನೇ. ನನ್ ಬಾಯಲ್ಲಿ ಬರ್ಲಿಲ್ಲ."

"ಮತ್ತೆ ಈ ಎಂಜಿನ್ನು, ಆ್ಯಕ್ಸಲ್ಲು ಎಲ್ಲ ಯಾರಿಗಕ್ಕ?"

"ನಿಂಗೆ. ನೀನು ಏರಲ್ಲಿ ಗೇರ್ ಹಾಕಕ್ಕೆ ಹೆದರ್ತೀಯ, ಅದಕ್ಕೆ ದೊಡ್ಡ ಎಂಜಿನ್. ಕ್ಲಚ್ಚು ಧಡಕ್ಕಂತ ಬಿಡ್ತೀಯ, ಅದಕ್ಕೆ ಗಟ್ಟಿ ಆ್ಯಕ್ಸಲ್. ನಾನು ಓಡ್ಸೋದಾಗಿದ್ರೆ ಹಳೇದೇ ಇನ್ನಿಪ್ಪತ್ತು ವರ್ಷ ಬರ್ತಿತ್ತು."

ನಗಬೇಕೆಂದುಕೊಂಡೆ. ನಗುವ ಬದಲು ಒಳಗೆ ಹೋಗಿ ಖಾಲಿ ಲೋಟವನ್ನೇ ಬಾಯಿಗೆತ್ತಿ, ನೀರು ಕುಡಿದವನಂತೆ ಬಂದೆ.

ಆ ನಾಲ್ಕನೆಯ ಆ್ಯಕ್ಸಲ್ಲೇ ಕೂತಿತು. ಬೇಸಿಗೆಯ ಮೊದಲ ಮಳೆ ಬಿದ್ದು ವಾರವಾದ ಮೇಲೆ ಅಕ್ಕನನ್ನು ಕಳಸಕ್ಕೆ ಕರೆದುಕೊಂಡು ಹೊರಟೆ. ಪಕ್ಕದ ಸೀಟಿನಲ್ಲಿ ಅವಳು ಹೇಗೆ ಕೂರಬೇಕೆಂದು ತಿಳಿಯದೆ, ಎರಡು ಸಲ ಬ್ರೇಕ್ ಹುಡುಕಿ ಕಾಲು ಚಾಚಿದಳು. ಏರು ಬಂದಾಗ ಶಬ್ದ ಕೇಳಿಯೇ "ಸೆಕೆಂಡು" ಎನ್ನುತ್ತಿದ್ದಳು; ನಾನು ಹಾಕುತ್ತಿದ್ದೆ. ಕ್ಲಚ್ಚು ಧಡಕ್ಕೆಂದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆದರೆ ಹಿಂದೆ ಏನೂ ಮುರಿಯಲಿಲ್ಲ.

ಒಂದು ತಿರುವಿನಲ್ಲಿ ಅವಳು ಘಮಕ್ಕೆ ಉಸಿರೆಳೆದು, "ಕಾಫಿ ಹೂವಾಗಿದೆಯಲ್ಲೋ! ಹ್ಯಾಗೆ ಕಾಣ್ತದೆ ಹೇಳು" ಎಂದಳು.

ಜೀವಮಾನವಿಡೀ ಮಕ್ಕಳಿಗೆ ನೋಡುವುದನ್ನು ಕಲಿಸಿದ ಡ್ರಾಯಿಂಗ್ ಮೇಷ್ಟ್ರು ನಾನು. ಮೂಡಿಗೆರೆ ದಾಟಿದಾಗಿನಿಂದ ಬಾನೆಟ್ಟಿನ ತುದಿ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.