ಉಸಿರೆಣಿಸುವ ಚಾಪೆಯೂ ನನ್ನ ಗಾದಿಯೂ

ಗಾದಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸಂಪಗಾಂವದ ಅರ್ಧ ಊರು ನಾನು ಹಿಂಜಿದ ಹತ್ತಿಯ ಮೇಲೆಯೇ ಮಲಗಿದೆ, ಜಗಳಾಡಿದೆ, ಅದರ ಮೇಲೆಯೇ ರಾಜಿಯೂ ಆಗಿದೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಆದರೆ ಹಿಡಿ ಹತ್ತಿ ಕೈಗೆ ಕೊಟ್ಟರೆ ಅದು ಕರಿ ಹೊಲದ್ದೋ ಕೆಂಪು ಮಸಾರಿ ಹೊಲದ್ದೋ ಎಂದು ಹೇಳುವಷ್ಟು ವಿದ್ಯೆ ಈ ಬೆರಳುಗಳಲ್ಲಿದೆ. ಇಂಥವನಿಗೆ ಮೊಳದುದ್ದದ ಮೊಮ್ಮಗಳಿಗೊಂದು ಗಾದಿ ಹೊಲಿಯುವುದು ಎಷ್ಟರ ಕೆಲಸ?

ಮೊಮ್ಮಗಳ ಹೆಸರು ಜೋಯಾ. ಅವಳ ವರ್ಣನೆಗೆ ನಿಂತರೆ ಈ ಬರಹ ಮುಗಿಯುವುದಿಲ್ಲ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ: ಅಂಥ ಕೂಸು ಈ ದುನಿಯಾದಲ್ಲಿ ಹಿಂದೆ ಹುಟ್ಟಿಲ್ಲ. ಅವಳು ಆಕಳಿಸಿದರೆ ನಾನು ಓಣಿಗೆಲ್ಲ ಸುದ್ದಿ ಮುಟ್ಟಿಸಿ ಬರುತ್ತಿದ್ದೆ. ಚಹಾದಂಗಡಿಯವನು ನನ್ನನ್ನು ದೂರದಲ್ಲಿ ಕಂಡ ಕೂಡಲೆ, "ಇವತ್ತೇನ್ ಮಾಡಿದ್ಲು ಸಾಹೇಬ್ರ, ಸೀನಿದ್ಲೇನು?" ಎಂದು ತಾನೇ ಕೇಳಿಬಿಡುತ್ತಿದ್ದ.

ಕೂಸು ದಿನ ತುಂಬುವ ಮೊದಲೇ ಹುಟ್ಟಿತ್ತು. ತೂಕವೂ ಕಡಿಮೆ. ಹೀಗಾಗಿ ಬಾಣಂತನಕ್ಕೆ ಬಂದ ಮಗಳು ರೇಷ್ಮಾಳ ಹಿಂದೆಯೇ ಅಳಿಯನ ಕಾಳಜಿಯೂ ಬಂತು. ಅಳಿಯ ಇರ್ಫಾನ ಸವದತ್ತಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅವನು ತಂದದ್ದು ಒಂದು ಬಿಳಿ ಚಾಪೆ, ರೊಟ್ಟಿ ಬಡಿಯುವ ಹಲಗೆಯಷ್ಟು ಅಗಲ. ಅದನ್ನು ಕೂಸಿನ ಕೆಳಗೆ ಹಾಕಿದರೆ ಕೂಸಿನ ಉಸಿರನ್ನು ಅದು ಎಣಿಸುತ್ತದಂತೆ. ಎಣಿಸಿದ್ದನ್ನು ಗೋಡೆಯ ಮೇಲಿನ ನೆಟ್ ಡಬ್ಬಿಗೆ ಹೇಳುತ್ತದಂತೆ. ಡಬ್ಬಿ ರೇಷ್ಮಾಳ ಫೋನಿಗೂ, ಸವದತ್ತಿಯಲ್ಲಿ ಇರ್ಫಾನನ ಫೋನಿಗೂ, ಅವನ ತಾಯಿಯ ಫೋನಿಗೂ ಹೇಳುತ್ತದಂತೆ. ಕೂಸು ಉಸಿರು ಬಿಡುವುದು ಸಂಪಗಾಂವದಲ್ಲಿ, ಲೆಕ್ಕ ಸವದತ್ತಿಯಲ್ಲಿ!

"ಮಾಮಾ, ಇದರ ಮ್ಯಾಲೆ ಒಂದ ತೆಳ್ಳಂದು ಅರಬಿ ಅಷ್ಟ ಹಾಕ್ರಿ," ಎಂದ ಇರ್ಫಾನ. "ನಮ್ಮವ್ವ ಕೂಸನ್ನ ನಮ್ಮನಿಗೇ ಕರ್ಕೊಂಡ ಬಾ ಅಂತ ಹಟ ಹಿಡದಾಳ. ಚಾಪಿ ಸರಿಯಾಗಿ ನಡದ್ರ ನಲವತ್ತು ದಿನ ಮುಗಿಯೂತನಾ ಇಲ್ಲೇ ಇರ್ಲಿ. ಇಲ್ಲಂದ್ರ ನನಗ ಧೈರ್ಯ ಇಲ್ರಿ, ಕರ್ಕೊಂಡ ಹೋಗತೇನಿ."

ಮೊಮ್ಮಗಳು ಮನೆಯಲ್ಲಿ ಉಳಿಯುವುದು ಬಿಡುವುದು ಈಗ ಒಂದು ಚಾಪೆಯ ಕೈಯಲ್ಲಿತ್ತು.

ಕೆಲವು ದಿನ ಚಾಪೆ ಸುಮ್ಮನಿತ್ತು. ಸುಮ್ಮನಿರಲಾಗದವನು ನಾನು. ಗಾದಿ ಹೊಲಿಯುವವನ ಮೊಮ್ಮಗಳು ಹಲಗೆಯಂಥ ಚಾಪೆಯ ಮೇಲೆ ಒಂದು ಅರಿವೆ ಹಾಸಿ ಮಲಗುವುದೆಂದರೇನು? ಊರವರು ನನಗೆ ಏನೆಂದಾರು? ಅಟ್ಟದ ಮೇಲಿದ್ದ, ಹತ್ತಿ ಹಿಂಜುವ ಹಳೆಯ ಬಿಲ್ಲನ್ನು ಇಳಿಸಿದೆ. ಈಗ ಹತ್ತಿಯನ್ನೆಲ್ಲ ಮಷೀನೇ ಹಿಂಜುತ್ತದೆ. ಆದರೆ ಇದು ಜೋಯಾಳ ಹತ್ತಿ. ಝೇಂ ಝೇಂ ಎಂದು ಹಿಂಜಿ, ಮೋಡದಂಥ ಅರಳೆ ಮಾಡಿ, ಸಾಲದೆಂದು ಇನ್ನಷ್ಟು ತುಂಬಿ, ಅದೂ ಸಾಲದೆಂದು ಪ್ರೀತಿಗಾಗಿ ಮತ್ತಷ್ಟು ತುಂಬಿದೆ. ಗಾದಿ ಎದ್ದು ನಿಂತಿತು. ಚಾಪೆ ಕೆಳಗೆ, ಗಾದಿ ಮೇಲೆ, ಗಾದಿಯ ನಡುವೆ ಹೂತುಹೋದ ಹಾಗೆ ಕೂಸು. ನೋಡಿ ಕಣ್ಣು ತುಂಬಿ ಬಂತು.

ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ರೇಷ್ಮಾಳ ಫೋನು ಕಿರುಚಿತು. ಇರ್ಫಾನ ಅದಕ್ಕೆ ಕನ್ನಡ ಕಲಿಸಿದ್ದ. "ಮಗುವಿನ ಚಲನೆ ಕಂಡುಬರುತ್ತಿಲ್ಲ. ದಯವಿಟ್ಟು ಕೂಡಲೇ ಪರಿಶೀಲಿಸಿ."

ರೇಷ್ಮಾ ಓಡಿ ಬಂದು ಕೂಸನ್ನು ಎತ್ತಿಕೊಂಡಳು. ನಿದ್ದೆ ಕೆಟ್ಟ ಕೂಸು ಊರು ಕೇಳುವಂತೆ ಅತ್ತಿತು. ಇರ್ಫಾನನ ಫೋನು ಬಂತು, ಬೀಗತಿಯ ಫೋನು ಬಂತು. ಕೂಸಿನ ಅಳುವನ್ನೇ ಇಬ್ಬರಿಗೂ ಕೇಳಿಸಿ ಸಮಾಧಾನ ಮಾಡಿದೆವು. ಮತ್ತೆ ಮಲಗಿಸಿದೆವು. ಮತ್ತೆ ಕಿರುಚಿತು.

"ಮಾಮಾ," ಎಂದ ಇರ್ಫಾನ. ಮತ್ತೆ ಅವನದೇ ಫೋನು. "ಇನ್ನೊಮ್ಮೆ ಹಿಂಗಾದ್ರ ನಾ ಬರತೇನ್ರಿ."

ನನ್ನ ಹೆಂಡತಿ ಹುಸೇನಬಿ ಗಾದಿಯನ್ನು ಒಮ್ಮೆ ಒತ್ತಿ ನೋಡಿದಳು. ಕೈ ಮಣಿಕಟ್ಟಿನತನಕ ಒಳಗೆ ಹೋಯಿತು.

"ಏನ್ರಿ, ಇದರಾಗ ಆನಿ ಮಲಗಿದ್ರೂ ಚಾಪಿಗೆ ಗೊತ್ತಾಗೂದಿಲ್ಲ. ಗಾದಿ ತಗೀರಿ."

"ಗಾದಿ ತಗ್ಯಾಕ ಕೂಸೇನ್ ಪರದೇಸಿ ಏನು? ಚಾಪೀನ ತಗಿ."

"ಚಾಪಿ ತಗದ್ರ ಅಳಿಯಾ ಬರತಾನ."

ಮಾತು ನಿಜ. ನಾನು ಗಂಭೀರವಾಗಿ ಯೋಚಿಸಿದೆ. ಚಾಪೆಗೆ ಬೇಕಾದದ್ದು ಉಸಿರು. ಇಂಥವರದೇ ಉಸಿರು ಬೇಕೆಂದು ಅದೇನು ಹಟ ಹಿಡಿದಿಲ್ಲವಲ್ಲ? ಮಧ್ಯಾಹ್ನ ರೇಷ್ಮಾ ಒಳಗಿನ ಕೋಣೆಯಲ್ಲಿ ಮಲಗಿದ ಮೇಲೆ, ಚಾಪೆಯನ್ನು ಮೆಲ್ಲಗೆ ಎಳೆದು ನೆಲಕ್ಕೆ ಹಾಸಿ, ಅದರ ಮೇಲೆ ನಾನೇ ಮಲಗಿದೆ. ಹುಸೇನಬಿ ಗಾದಿಯ ಪಕ್ಕ ಕೂಸಿನ ಮೇಲೆ ಕಣ್ಣಿಟ್ಟು ಕುಳಿತಳು.

ರೇಷ್ಮಾ ಹೊರಗೇ ಬಿಟ್ಟುಹೋಗಿದ್ದ ಫೋನಿನಲ್ಲಿ ಅಕ್ಷರ ಮೂಡಿದವು: "ಜೋಯಾ ಬೇಬಿ ಶಾಂತವಾಗಿದೆ."

"ನೋಡಿದ್ಯಾ?" ಎಂದೆ.

"ಮಾತಾಡಬ್ಯಾಡ್ರಿ, ನೀವೀಗ ಕೂಸು," ಎಂದಳು.

ಕೂಸಾಗಿರುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಬೆನ್ನು ತುರಿಸಿತು, ತುರಿಸಿಕೊಳ್ಳಲಿಲ್ಲ. ಕೆಮ್ಮು ಬಂತು, ನುಂಗಿಕೊಂಡೆ. ಮೂಗಿನ ಮೇಲೆ ನೊಣ ಕೂತಿತು. ಅದೂ ಆರಾಮಾಗಿ ಇರಲಿ ಎಂದು ಬಿಟ್ಟೆ. ಎದೆ ಮಾತ್ರ ಹಿಂಜುವ ಬಿಲ್ಲಿನಂತೆ ಹೊಡೆದುಕೊಳ್ಳುತ್ತಿತ್ತು. ಸವದತ್ತಿಯಲ್ಲಿ ಅದೂ ಕಾಣುತ್ತಿರಬಹುದೇ ಎಂಬ ಹೆದರಿಕೆಗೆ ಇನ್ನಷ್ಟು ಜೋರಾಗಿ ಹೊಡೆದುಕೊಂಡಿತು.

ಅದೇ ಹೊತ್ತಿಗೆ ಪಕ್ಕದ ಮನೆಯ ಗಂಗವ್ವ ಕೂಸನ್ನು ನೋಡಲು ಬಂದಳು. ಬಾಗಿಲಲ್ಲೇ ನಿಂತಳು. ನೆಲದ ಮೇಲೆ ನಾನು ಕೈಕಾಲು ನೀಟಾಗಿ ಚಾಚಿ, ಮಾಳಿಗೆಯ ತೊಲೆ ನೋಡುತ್ತ, ಅಲುಗಾಡದೆ ಬಿದ್ದಿದ್ದೆ.

"ಯವ್ವಾ, ಸಾಹೇಬ್ರಿಗೆ ಏನಾತ ಹುಸೇನಬಿ?" ಅವಳ ಸೆರಗು ಆಗಲೇ ಬಾಯಿಗೆ ಹೋಗಿತ್ತು.

"ಏನಿಲ್ಲ ತಗೋ, ಕೂಸಿನ ಬದ್ಲಿ ಮಲಗ್ಯಾರ."

"ಕೂಸಿನ ಬದ್ಲಿ ಹಾಲೂ ಇವರ ಕುಡೀತಾರೇನ?"

ನಗು ತಡೆದುಕೊಂಡೆ. ಹೊಟ್ಟೆ ಅಲುಗಿತು. "ಜೋಯಾ ಬೇಬಿ ಚಟುವಟಿಕೆಯಿಂದಿದೆ," ಎಂದಿತು ಫೋನು. ಈ ಸದ್ದಿಗೆ ನಿಜವಾದ ಜೋಯಾ ಎದ್ದಾಳೆಂದು, ಹುಸೇನಬಿಗೆ ಹೇಳಿ ಫೋನಿನ ದನಿ ಬಂದ್ ಮಾಡಿಸಿ ಅಡುಗೆಮನೆಯ ಡಬ್ಬಿಗಳ ಹಿಂದೆ ಇಡಿಸಿದೆ. ನನ್ನ ಬುದ್ಧಿವಂತಿಕೆಯ ಕೊನೆಯ ಕೆಲಸ ಅದು. ಆಮೇಲೆ ನನಗೆ ನಿದ್ದೆ ಹತ್ತಿತು.

ಯಾರೋ ಏದುಸಿರು ಬಿಡುವುದು ಕೇಳಿ ಕಣ್ಣು ತೆರೆದೆ. ಮೊದಲು ಕಂಡದ್ದು ಇರ್ಫಾನನ ಕಾಲು. ಚಪ್ಪಲಿ ಒಂದೇ ಇತ್ತು. ಅವನ ಹಿಂದೆ ಬೀಗತಿ, ಬೀಗತಿಯ ಹಿಂದೆ ಅರ್ಧ ಓಣಿ. ರೇಷ್ಮಾ ಒಳಗಿನಿಂದ ಗಾಬರಿಯಾಗಿ ಓಡಿ ಬಂದಳು.

"ಫೋನ್ ಯಾಕ ಎತ್ತಲಿಲ್ಲ? ಕೂಸೆಲ್ಲಿ?" ಎಂದ ಇರ್ಫಾನ.

ಕೂಸು ಗಾದಿಯ ಮೇಲೆ ಕಾಲು ಬಡಿಯುತ್ತ ಅಜ್ಜಿಯ ಬಳೆ ನೋಡುತ್ತಿತ್ತು. ಇರ್ಫಾನ ಅದನ್ನು ಎತ್ತಿ ಎದೆಗೆ ಅವಚಿಕೊಂಡು ಅಲ್ಲೇ ಗೋಡೆಗೆ ಆನಿಕೊಂಡು ಕುಸಿದ. ಅವನು ಅಳುತ್ತಿದ್ದ. ಚಾಪೆಯ ಮೇಲೆ ಎದ್ದು ಕುಳಿತ ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಆದದ್ದಿಷ್ಟು. ಉಸಿರು ತೀರ ನಿಧಾನವಾಗಿದೆ, ನಡುನಡುವೆ ನಿಂತೇ ಹೋಗುತ್ತಿದೆ ಎಂದು ಚಾಪೆ ಸುದ್ದಿ ಕಳಿಸಿತ್ತು. ಇರ್ಫಾನ ಅದನ್ನು ಕೂಸಿನ ಡಾಕ್ಟರಿಗೆ ತೋರಿಸಿದ್ದ. ಅವರು ಈಗಿಂದೀಗ ಕರೆತಾ ಎಂದಿದ್ದರು. ಇಲ್ಲಿ ಫೋನು ಸಾಸಿವೆ ಡಬ್ಬಿಯ ಹಿಂದೆ ಒಬ್ಬಂಟಿಯಾಗಿ ಒದ್ದಾಡುತ್ತಿತ್ತು.

ನಾನು ಎಲ್ಲವನ್ನೂ ಒಪ್ಪಿಕೊಂಡೆ. "ತಪ್ಪಾತಪಾ. ಕರ್ಕೊಂಡ ಹೋಗು," ಎಂದೆ.

ಇರ್ಫಾನ ಕಣ್ಣೊರೆಸಿಕೊಂಡು ಡಾಕ್ಟರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿದ. ಡಾಕ್ಟರು ಎಲ್ಲ ಕೇಳಿದರು. ಹೋದ ಸಲ ತೂಗಿದಾಗಲೇ ಕೂಸಿನ ತೂಕ ಸರಿ ಬಂದಿತ್ತು, ತಾಯಿಯ ಕಣ್ಣಳತೆಯಲ್ಲಿ ಎಲ್ಲಿದ್ದರೂ ಸರಿ, ಚಾಪೆ ಬೇಕಿಲ್ಲ ಎಂದರು. ನನ್ನ ಜೀವ ಮರಳಿ ಬಂತು. ಅವರು ಮುಂದುವರಿಸಿದರು: "ಅಷ್ಟ ಮೆತ್ತಗಿನ ಗಾದಿ ಮಾತ್ರ ಕೂಸಿಗೆ ಬ್ಯಾಡ್ರಿ, ಮುಖ ಹೂತರ ಉಸಿರು ಕಟ್ಟತೈತಿ. ಮತ್ತ ಆ ಗೊರಕಿ ಹೊಡಿಯೂ ಅಜ್ಜನ್ನ ನಾಳಿಗೆ ದವಾಖಾನಿಗೆ ಕರಕೊಂಡ ಬರ್ರಿ. ನಡುವ ಉಸಿರು ನಿಲ್ಲೂದು ಚಲೋ ಅಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಉಸಿರು ಬಿಟ್ಟು ತೋರಿಸಿದೆ.

ಇಷ್ಟರಲ್ಲಿ ಬೀಗತಿ ದಣಿವಾರಿಸಿಕೊಳ್ಳಲೆಂದು ಗಾದಿಯ ಮೇಲೆ ಕುಳಿತಿದ್ದಳು. ಚಹಾ ಕುಡಿದರೂ ಏಳಲಿಲ್ಲ. "ಮೊಣಕಾಲ ನೋವಿಗೆ ಎಷ್ಟ ಆರಾಮ ಐತಲ್ಲೇ ಇದು," ಎಂದಳು. ಕಡೆಗೆ ಸವದತ್ತಿಗೆ ಹೋದದ್ದು ಮೊಮ್ಮಗಳಲ್ಲ, ಗಾದಿ.

ಜೋಯಾ ಈಗ ಮಡಿಚಿದ ದುಪ್ಪಟಿಯ ಮೇಲೆ, ಯಾವ ಲೆಕ್ಕವೂ ಇಲ್ಲದೆ, ತನ್ನ ಪಾಡಿಗೆ ಉಸಿರಾಡಿಕೊಂಡಿದ್ದಾಳೆ. ನನಗೆ ಡಾಕ್ಟರು ಮಗ್ಗುಲಲ್ಲಿ ಮಲಗಲು ಹೇಳಿದ್ದಾರೆ. ಚಾಪೆ ನನ್ನ ಕೆಳಗೇ ಉಳಿದಿದೆ. ಅದರಲ್ಲಿ ಹಾಕಿದ್ದ ಜೋಯಾಳ ಹೆಸರು ಬದಲಿಸಲು ಇರ್ಫಾನನಿಗೆ ಪುರುಸೊತ್ತಾಗಿಲ್ಲ. ದಿನಾ ಮಧ್ಯಾಹ್ನ ನಾನು ಮಗ್ಗುಲು ಬದಲಿಸಿದ ಕೂಡಲೆ ಸವದತ್ತಿಯ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಅವನ ಫೋನು ಸಾರುತ್ತದೆ: "ಜೋಯಾ ಬೇಬಿ ಎಚ್ಚರಗೊಂಡಿದೆ. ಹಾಲುಣಿಸುವ ಸಮಯವಾಗಿರಬಹುದು."

ಅವನು ಕೂಡಲೆ ಹುಸೇನಬಿಗೆ ಫೋನು ಮಾಡುತ್ತಾನೆ.

"ಮಾಮಾ ಎದ್ದಾರ್ರಿ. ಚಾ ಇಡ್ರಿ."