ಅಬ್ಬಾಸ್ ಎಂದರೆ ಎಂಥ ಸಿಂಹ

ಗಾಜಿನ ಸಾಮಾನಿನ ಅಂಗಡಿಯವರಿಗೆ ಲೋಕದಲ್ಲಿ ಎರಡೇ ಭಯ. ಒಂದು ಭೂಕಂಪ, ಇನ್ನೊಂದು ಮಾವ. ಭೂಕಂಪ ಇದುವರೆಗೆ ಬಂದಿರಲಿಲ್ಲ. ಮಾವ ಆ ದಿನ ಸಂಜೆ ನಾಲ್ಕಕ್ಕೆ ಬರುವವರಿದ್ದರು, ಹತ್ತು ದಿನದ ಮೊಮ್ಮಗನಿಗೆ ಏನು ಹೆಸರಿಟ್ಟಿರಿ ಎಂದು ಕೇಳಲು.

ಮಾವ ಲಾರಿ ಮೆಕ್ಯಾನಿಕ್. ಎಂಜಿನ್ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲು, ಅವರು "ಚೆನ್ನಾಗಿದ್ದೀರಾ?" ಎಂದರೆ ಅಂಗಡಿಯ ಲೋಟಗಳೇ ಉತ್ತರ ಕೊಡುತ್ತಿದ್ದವು. ಅವರ ತಂದೆಯ ಹೆಸರು ಅಬ್ಬಾಸ್. ಮೊಮ್ಮಗನಿಗೂ ಅದೇ ಆಗಬೇಕೆಂದು ಅವರೇನೂ ಹೇಳಿರಲಿಲ್ಲ. (ಹೇಳದಿರುವುದೇ ಅಪ್ಪಣೆ ಎಂದು ಅಂಗಡಿಯವರು ತಿಳಿದಿದ್ದರು.)

ಅಂಗಡಿಯವರ ಮನಸ್ಸಿದ್ದದ್ದು ಬಸ್ಸಾಮ್ ಎಂಬ ಹೆಸರಿನ ಮೇಲೆ. ಧೈರ್ಯ ತುಂಬಿಸಿಕೊಳ್ಳಲು ಅರಬಿ ಮೇಷ್ಟರ ಮನೆಗೆ ಹೋದರು.

"ಎರಡೂ ಅರಬಿ ಹೆಸರೇ. ಬಸ್ಸಾಮ್ ಅಂದ್ರೆ ಸದಾ ನಗುಮುಖದವನು. ಅಬ್ಬಾಸ್ ಹುಟ್ಟಿದ್ದು ಹುಬ್ಬು ಗಂಟಿಕ್ಕೋದು ಅನ್ನೋ ಮಾತಿನಿಂದ. ಮುಖ ನೋಡಿ ಬೇರೆ ಸಿಂಹಗಳೂ ಓಡ್ಬೇಕು, ಅಂಥ ಸಿಂಹ."

"ಸಿಂಹಗಳೇ ಓಡಿದ್ರೆ ನಾನೇನು ಮಾಡ್ಲಿ ಮೇಷ್ಟ್ರೇ?"

"ಮಗು ತೂಕ ಎಷ್ಟು?"

"ಮೂರು ಕೆಜಿ."

"ಹಾಗಾದ್ರೆ ಸದ್ಯಕ್ಕೆ ಭಯ ಇಲ್ಲ."

ಬಸ್ಸಾಮ್ ಎಂದೇ ಬರೆಸುವ ಭೀಷ್ಮಪ್ರತಿಜ್ಞೆ ಮಾಡಿ ನೋಂದಣಿ ಕಚೇರಿಗೆ ಹೊರಟರು. ಆದರೆ ಗಿರಾಕಿ ದನಿ ಏರಿಸುವ ಮೊದಲೇ ಬೆಲೆ ಇಳಿಸಿಬಿಡುವುದು ಅವರ ವ್ಯಾಪಾರದ ರೀತಿ. ಮೆಟ್ಟಿಲು ಹತ್ತುವಾಗ ಮಾವನ ಗಂಟಲು ನೆನಪಾಯಿತು. ಪ್ರತಿಜ್ಞೆ ಕೆಳಗೇ ಉಳಿಯಿತು.

"ಅಬ್ಬಾಸ್," ಎಂದರು.

"ಖಾತ್ರೀನಾ? ಆಮೇಲೆ ಬದಲಾಯಿಸೋಕಾಗಲ್ಲ," ಎಂದ ಗುಮಾಸ್ತ, ಅರ್ಜಿಯ ಮೇಲೆ ಪೆನ್ನು ಎತ್ತಿ ಹಿಡಿದು.

ನಾಲ್ಕಕ್ಕೆ ಮಾವ ಬಂದು ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಅಂಗಡಿಯವರು ಪ್ರಮಾಣಪತ್ರ ಕೊಟ್ಟು ಬಾಗಿಲ ಪಕ್ಕ ನಿಂತರು. ಮಾವ ಓದಿದರು.

"ಇದೇನ್ ಮಾಡಿಬಿಟ್ರಿ ಅಳಿಯಂದ್ರೇ! ನಮ್ಮಪ್ಪ ಹುಬ್ಬು ಗಂಟಿಕ್ಕಿದ್ರೆ ನಾನು ಮಂಚದ ಕೆಳಗೆ ತೂರ್ತಿದ್ದೆ. ಮದುವೆ ಆದ್ಮೇಲೂ! ಆ ಹೆಸರೊಂದು ಬೇಡಪ್ಪಾ ಅಂತ ಹೇಳೋಕೇ ಎರಡು ಬಸ್ಸು ಬದಲಾಯಿಸಿ ಬಂದೆ."

"ರೀ, ನನ್ನನ್ನೊಂದು ಮಾತು ಕೇಳಬಾರದಿತ್ತಾ?" ಎಂದಳು ಹೆಂಡತಿ.

"ಕೇಳೋಕೂ ಹೆದರಿಕೆ ಆಯ್ತು ಕಣೇ."

"ಹೋಗ್ಲಿ, ಆದದ್ದಾಯ್ತು," ಎಂದರು ಮಾವ. "ಆದ್ರೆ ಅಪ್ಪನ ಹೆಸರಿಟ್ಟುಕೊಂಡವನನ್ನ ನಾನು ಹೇಗೆ ಬೈಲಿ? ನಾಲಿಗೆ ಹೊರಳಲ್ಲ. ಇವನೇನು ತಪ್ಪು ಮಾಡಿದ್ರೂ ಇನ್ಮೇಲೆ ನಿಮ್ಮನ್ನೇ ಬೈತೀನಿ."

ಮಾತು ಮುಗಿಯುವಷ್ಟರಲ್ಲಿ ಅವರ ಇಸ್ತ್ರಿ ಪ್ಯಾಂಟು ಒದ್ದೆಯಾಯಿತು. ಮಾವ ಮೊಮ್ಮಗನನ್ನು ಭಯಭಕ್ತಿಯಿಂದ ನೋಡಿದರು. ಮೆಲ್ಲಗೆ ತಲೆಯೆತ್ತಿ ಅಳಿಯನ ಕಡೆ ತಿರುಗಿದರು.

"ಇಷ್ಟು ವಯಸ್ಸಾಯ್ತು, ನಾಚಿಕೆ ಆಗಲ್ವೇನ್ರೀ ನಿಮಗೆ?"

"ತಪ್ಪಾಯ್ತು ಮಾವ," ಎಂದರು ಅಂಗಡಿಯವರು.